ಬಣ್ಣದ ಕೆಳಗಿನ ಬೆಸುಗೆ

ಆಕೆಗೆ ಹೆತ್ತವರು ಇಟ್ಟ ಹೆಸರೊಂದು ಇದೆ, ಆದರೆ ಅದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಸುಖವಾಗಿ ಮಲಗಿದೆ. ಮಿಕ್ಕ ಎಲ್ಲರಿಗೂ ಆಕೆ ಉಜ್ಜಕ್ಕ. ಹಳೆಯ ಮೋಟಾರ್ ಸೈಕಲ್ಲುಗಳನ್ನು ಬಿಚ್ಚಿ, ಚಾಸಿಯ, ಎಂದರೆ ಗಾಡಿಯ ಎಲುಬುಗೂಡಿನ, ಮೇಲಿನ ಬಣ್ಣ, ತುಕ್ಕು, ಜಿಡ್ಡನ್ನೆಲ್ಲ ಉಜ್ಜಿ ಉಜ್ಜಿ ಬರೀ ಕಬ್ಬಿಣ ಕಾಣುವ ಹಾಗೆ ಮಾಡಿ, ಪೌಡರ್ ಕೋಟಿಂಗಿಗೆ ಸಿದ್ಧಪಡಿಸುವುದು ಆಕೆಯ ಕಸುಬು. ಇಪ್ಪತ್ತಾರು ವರ್ಷದಿಂದ ಉಜ್ಜುತ್ತಿದ್ದಾಳೆ. ಬಸ್ಸು ಓಡಿಸುವ ಗಂಡ, “ನಮ್ಮನೆ ಪಾತ್ರೆ ಮಾತ್ರ ನಾನೇ ಉಜ್ಜಬೇಕು” ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡು ನಗುತ್ತಾನೆ. ಅದು ಸುಳ್ಳೇನಲ್ಲ.

ಉಜ್ಜುವುದು ತಾನೆ, ಅದೇನು ಮಹಾ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರು ಒಂದು ದಿನ ಬಂದು ಆಕೆಯ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ನೋಡಬೇಕು. ಬ್ರಷ್ಷಿನಲ್ಲಿ ಬಳಿಯುವ ಬಣ್ಣ ಬಲು ಉದಾರಿ, ಕೆಳಗೆ ಜಿಡ್ಡಿರಲಿ ಪುಟ್ಟಿ ಮೆತ್ತಿರಲಿ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಮೇಲೆ ಮಿನುಗುತ್ತದೆ. ಪೌಡರ್ ಹಾಗಲ್ಲ. ಅದು ಒಣ ಹುಡಿ. ಅದನ್ನು ಚಾಸಿಗೆ ಸಿಂಪಡಿಸಿ, ಬೀರುವಿನಷ್ಟು ಎತ್ತರದ ಓವನ್ನಿನಲ್ಲಿಟ್ಟು ಸುಡಬೇಕು. ಆ ಶಾಖಕ್ಕೆ ಕೆಳಗಿರುವ ಪುಟ್ಟಿ ಸುಟ್ಟು ಹೊಗೆಯಾಗುತ್ತದೆ, ಕೊಳವೆಯೊಳಗಿನ ಎಣ್ಣೆ ಕುದ್ದು ಹೊರಗೆ ಬರುತ್ತದೆ. ಹಾಗಾಗಿ ಉಜ್ಜಕ್ಕ ಪೌಡರ್ ಹಾಕುವ ಮೊದಲು ಬರೀ ಚಾಸಿಯನ್ನು ಒಮ್ಮೆ ಓವನ್ನಿಗೆ ಇಡುತ್ತಾಳೆ. ಅದಕ್ಕೆ ಆಕೆ ‘ಖಾಲಿ ಸುಡೋದು’ ಎನ್ನುತ್ತಾಳೆ. ಎಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿಂದ ಎಣ್ಣೆ ಜಿನುಗಿ ಕಪ್ಪು ಗೆರೆ ಮೂಡುತ್ತದೆ. ಕಣ್ಣಿಗೆ ಕಾಣದ್ದು, ಬೆರಳಿಗೆ ಸಿಗದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಅಂಗಡಿಯ ಮುಂಭಾಗದಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರ ಹಿಂದೆ ಬೀಗದ ಕೈ ಮಾಡುವ ಪುಟ್ಟ ಯಂತ್ರ, ಯಂತ್ರದ ಹಿಂದೆ ಆಕೆಯ ಅಪ್ಪ. ಎಪ್ಪತ್ತಾರು ವರ್ಷ. ಬೀಗದ ಕೈ ಅರೆಯುವಾಗ ಬಿಟ್ಟರೆ ಉಳಿದ ಹೊತ್ತಿನಲ್ಲಿ ಆತನ ಕೈ ಸಣ್ಣಗೆ ನಡುಗುತ್ತಿರುತ್ತದೆ. ಒಂದು ಕಣ್ಣಿಗೆ ಪೊರೆ ಬಂದಿದೆ. ಈಗ ನೋಡಿದವರು ಇವನೊಬ್ಬ ಬೀಗದ ಮುದುಕ ಅಂದುಕೊಳ್ಳುತ್ತಾರೆ. ಆದರೆ ಮೂವತ್ತಾರು ವರ್ಷದ ಹಿಂದೆ ಆತನ ಹಿತ್ತಾಳೆ ಬೆಸುಗೆಗೆ ಎರಡು ಊರು ಆಚೆಯಿಂದ ಜನ ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಬಿರುಕು ಬಿಟ್ಟ ಚಾಸಿಗೆ ಗ್ಯಾಸಿನ ಟಾರ್ಚ್ ಹಿಡಿದು, ಹಿತ್ತಾಳೆ ಕಡ್ಡಿ ಕರಗಿಸಿ ಕೂಡಿಸಿದನೆಂದರೆ ಕೂಡಿಸಿದ ಜಾಗ ಹುಡುಕಬೇಕಿತ್ತು. ಕೊನೆಯಲ್ಲಿ ಕೊಳವೆಯೊಳಗೆ ಒಂದು ಲೋಟ ಹಳೆಯ ಎಂಜಿನ್ ಆಯಿಲ್ ಸುರಿದು, ಚಾಸಿಯನ್ನು ಮಗುವಿನ ಹಾಗೆ ಎತ್ತಿ ಅತ್ತಿತ್ತ ಹೊರಳಿಸುತ್ತಿದ್ದ. ಒಳಗಿನಿಂದ ತುಕ್ಕು ಹಿಡಿಯಬಾರದು ಎಂದು ಆತ ಕಂಡುಕೊಂಡ ಉಪಾಯ ಅದು, ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ.

ಆಮೇಲೆ ಕಾಂಪೌಂಡರನ ಗಾಡಿ ಮುರಿಯಿತು. ಆಸ್ಪತ್ರೆಯಲ್ಲಿ ಔಷಧಿ ಕೊಡುತ್ತಿದ್ದ ಆತ, ಹ್ಯಾಂಡಲ್ಲಿನ ಬುಡದಲ್ಲಿ ಬಿರುಕು ಬಿಟ್ಟಿದೆ ಎಂದು ಅಪ್ಪನ ಹತ್ತಿರ ಬೆಸುಗೆ ಹಾಕಿಸಿಕೊಂಡು ಹೋದ. ಹನ್ನೊಂದನೆಯ ದಿನ ಇಳಿಜಾರಿನಲ್ಲಿ ಚಾಸಿ ಎರಡು ತುಂಡಾಗಿ, ಆತನ ಬಲಗಾಲು ನಜ್ಜುಗುಜ್ಜಾಯಿತು. ಬೆಸುಗೆ ಬಿಟ್ಟಿತು ಎಂದು ಯಾರೋ ಅಂದರು, ಹೌದು ಎಂದು ಊರೆಲ್ಲ ಅಂದಿತು. ಗಾಡಿಯನ್ನು ಬೇರೆ ಯಾರೋ ಒಂದೇ ದಿನದಲ್ಲಿ ಅಂಟಿಸಿ, ಪುಟ್ಟಿ ಮೆತ್ತಿ, ಬಣ್ಣ ಬಳಿದು ಕಳಿಸಿದರಂತೆ. ಅಪ್ಪ ಹೋಗಿ ನೋಡಲಿಲ್ಲ. ಆ ವಾರವೇ ಸಿಲಿಂಡರು, ಟಾರ್ಚ್ ಎಲ್ಲ ಕೊಟ್ಟುಬಿಟ್ಟ. ಆಗ ಹನ್ನೆರಡು ವರ್ಷದವಳಾಗಿದ್ದ ಮಗಳು ಮುಂದೆ ದೊಡ್ಡವಳಾಗಿ, ನನಗೂ ಬೆಸುಗೆ ಕಲಿಸು ಎಂದು ಎಷ್ಟು ಸಲ ಕೇಳಿದರೂ, “ಬೆಂಕಿ ಕೆಲಸ ಬೇಡ” ಎಂದಷ್ಟೇ ಹೇಳಿದ. ಆಕೆಗೆ ಉಳಿದದ್ದು ಉಜ್ಜುವ ಕೆಲಸ.

ಈಗ ಹೇಳಹೊರಟದ್ದು ಆ ಗಾಡಿ ತಿರುಗಿ ಬಂದ ಸಂಗತಿ.

ಒಂದು ಬೆಳಗ್ಗೆ ಸಣ್ಣ ಲಾರಿಯೊಂದು ಅಂಗಡಿಯ ಮುಂದೆ ನಿಂತಿತು. ಮುಂದಿನ ಸೀಟಿನಿಂದ ಇಳಿದವಳು ಕಾಂಪೌಂಡರನ ಮಗಳು, ಶಾಲೆಯಲ್ಲಿ ಟೀಚರು. ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ್ದ ಮೋಟಾರ್ ಸೈಕಲ್ಲಿನ ಮೇಲೆ ಬೆರಳು ಹೂತುಹೋಗುವಷ್ಟು ಧೂಳು. ನಂಬರ್ ಪ್ಲೇಟ್ ನೋಡಿದ್ದೇ ಉಜ್ಜಕ್ಕನಿಗೆ ಅದು ಯಾವ ಗಾಡಿ ಎಂದು ಗೊತ್ತಾಯಿತು. ಕೆಲವು ಮನೆಗಳಲ್ಲಿ ಮಕ್ಕಳಿಗೆ ಮಗ್ಗಿ ಬಾಯಿಪಾಠ, ಆಕೆಗೆ ಆ ನಂಬರು.

“ಅಕ್ಕ, ನಮ್ಮಪ್ಪಂದು. ಶೆಡ್ಡಲ್ಲಿ ಕೂತು ಕೂತು ಹಾಳಾಗ್ತಿತ್ತು. ರಿಪೇರಿ ಮಾಡಿಸಿ ನಾನು ಓಡಿಸ್ತೀನಿ ಅಂದೆ. ಅವರು ಒಂದೇ ಹಟ, ಕೊಟ್ರೆ ನಿಮ್ಮ ಹತ್ರನೇ ಕೊಡ್ಬೇಕಂತೆ. ಪೂರ್ತಿ ಬರೀ ಕಬ್ಬಿಣ ಮಾಡಿ, ಆಮೇಲೇ ಬಣ್ಣ ಅಂತ ಹೇಳಿ ಕಳಿಸಿದ್ದಾರೆ.”

ಪಾಪ, ಟೀಚರಿಗೆ ಏನೂ ಗೊತ್ತಿದ್ದಂತಿರಲಿಲ್ಲ. ಉಜ್ಜಕ್ಕ ಹಿಂತಿರುಗಿ ಅಪ್ಪನ ಕಡೆ ನೋಡಿದಳು. ಅಪ್ಪ ಬೀಗದ ಕೈಯೊಂದನ್ನು ಯಂತ್ರಕ್ಕೆ ಸಿಕ್ಕಿಸಿ ಅರೆಯುತ್ತಿದ್ದ. ಅರೆದದ್ದನ್ನೇ ಅರೆಯುತ್ತಿದ್ದ.

ಬೇಡ ಎಂದು ವಾಪಸು ಕಳಿಸಬಹುದಿತ್ತು. ಸತ್ತ ಮಾತನ್ನು ಎಬ್ಬಿಸಿ ಅಪ್ಪನ ಮರ್ಯಾದೆ ತೆಗೆಯುವುದಕ್ಕೇ ಆ ಕುಂಟ ಇದನ್ನು ಇಲ್ಲಿಗೆ ಅಟ್ಟಿದ್ದಾನೆ ಎಂದು ಆಕೆಗೆ ಮೈ ಉರಿಯಿತು. ಆದರೆ ಅದೇ ಉರಿಯಲ್ಲಿ ಇನ್ನೊಂದು ಯೋಚನೆಯೂ ಬಂತು. ಪುಟ್ಟಿ ತೆಗೆದರೆ ಕೆಳಗೆ ಚಾಸಿ ಇರುತ್ತದೆ. ಅಪ್ಪನ ಬೆಸುಗೆ ಬಿಟ್ಟಿತ್ತೋ ಇಲ್ಲವೋ ಎಂಬುದು ಅಲ್ಲೇ ಬರೆದಿಟ್ಟಂತೆ ಇರುತ್ತದೆ. ಮೂವತ್ತಾರು ವರ್ಷ ಯಾರೂ ನೋಡದ ಅದನ್ನು ನೋಡಬಲ್ಲವಳು ತಾನೊಬ್ಬಳೇ. ಬಿಟ್ಟಿದ್ದರೆ? ಅಪ್ಪ ಸಾಯುವ ಮುಂಚೆ ಅದನ್ನೂ ಕಣ್ಣಾರೆ ಕಂಡಂತಾಗುತ್ತದೆ. ಕೈಯೊರೆಸಿಕೊಂಡು, “ಇಳಿಸಿ” ಎಂದಳು.

ಬಿಚ್ಚುವುದಕ್ಕೆ ನಾಲ್ಕು ದಿನ ಹಿಡಿಯಿತು. ಟ್ಯಾಂಕ್, ಸೀಟು, ಮಡ್‌ಗಾರ್ಡು ಮೊದಲು. ಇಲಿ ಕಡಿದ ವೈರುಗಳು ಆಮೇಲೆ. ಪ್ರತಿ ಬೋಲ್ಟಿಗೂ ಹಿಂದಿನ ದಿನವೇ ಎಣ್ಣೆ ಬಿಟ್ಟು, ಬೆಳಗ್ಗೆ ಸ್ಪ್ಯಾನರ್ ಹಾಕಿ, ಹಟ ಮಾಡಿದವಕ್ಕೆ ಸ್ವಲ್ಪ ಬಿಸಿ ತೋರಿಸಿ, ಹೊರಬಂದದ್ದನ್ನು ತಗಡಿನ ಡಬ್ಬಿಗೆ ಹಾಕಿ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಎಂಜಿನ್ನಿಗೆ ಸರಪಳಿ ಕಟ್ಟಿ ರಾಟೆಯಿಂದ ಮೇಲೆತ್ತಿ ಪಕ್ಕಕ್ಕಿಟ್ಟಳು. ಹ್ಯಾಂಡಲ್ಲಿನ ಬುಡ ಕಳಚುವಾಗ ಒಳಗಿನ ಉಕ್ಕಿನ ಗುಂಡುಗಳು ದಡದಡ ಉದುರಿ ನೆಲದಲ್ಲಿ ಕಳೆದುಹೋಗುವುದು ಎಲ್ಲ ಅಂಗಡಿಗಳಲ್ಲೂ ಆಗುವ ಫಜೀತಿ. ಆಕೆ ಕೆಳಗೆ ಹಳೆಯ ಟವೆಲ್ ಹಿಡಿದಿದ್ದಳು, ಒಂದೂ ತಪ್ಪಿಸಿಕೊಳ್ಳಲಿಲ್ಲ.

ಐದನೆಯ ದಿನ ಬರೀ ಚಾಸಿ ಕೊಕ್ಕೆಗೆ ನೇತುಬಿತ್ತು. ನೂರಾರು ಚಾಸಿ ನೋಡಿದವಳಿಗೆ ಇದರ ಮುಂದೆ ಸುಮ್ಮನೆ ನಿಂತುಬಿಡುವಂತಾಯಿತು. ಹೊತ್ತಿದ್ದನ್ನೆಲ್ಲ ಇಳಿಸಿದ ಮೇಲೆ ಇದು ಇಷ್ಟೇ. ನಾಲ್ಕಾರು ಕೊಳವೆ, ಕೂಡಿದ ಕಡೆಗಳಲ್ಲಿ ಎರಕದ ಕಬ್ಬಿಣದ ಗಂಟುಗಳು. ಇಷ್ಟರ ಮೇಲೆ ಒಬ್ಬ ಮನುಷ್ಯ ತನ್ನ ಜೀವ ಇಟ್ಟುಕೊಂಡು ಹೋಗುತ್ತಿದ್ದನಲ್ಲ ಎನ್ನಿಸಿತು.

ಬೇರೆ ಭಾಗವನ್ನೆಲ್ಲ ಮರಳಿನ ಹೊಡೆತಕ್ಕೆ ಕೊಟ್ಟಳು, ಸ್ಯಾಂಡ್ ಬ್ಲಾಸ್ಟಿಂಗ್ ಅರ್ಧ ಗಂಟೆಯಲ್ಲಿ ಮುಗಿಯಿತು. ಮುಂಭಾಗಕ್ಕೆ ಮಾತ್ರ ಕೊಡಲಿಲ್ಲ. ಅಲ್ಲಿಗೆ ದಪ್ಪ ಬಟ್ಟೆ ಸುತ್ತಿ, ಆಮೇಲೆ ಬಿಚ್ಚಿ, ಪೇಂಟ್ ರಿಮೂವರ್ ಬಳಿದು, ಸ್ಕ್ರೇಪರ್ ಹಿಡಿದು ಕೂತಳು. ಬಣ್ಣ ಸುಕ್ಕುಸುಕ್ಕಾಗಿ ಎದ್ದಿತು. ಅದರ ಕೆಳಗೆ ಪುಟ್ಟಿ, ಹೆಬ್ಬೆರಳಿನ ದಪ್ಪ. ಪುಟ್ಟಿಯ ಕೆಳಗೆ ನೋಡಿ ಆಕೆಗೆ ಅಳು ಬರುವುದೊಂದು ಬಾಕಿ. ಅಂಟಿಸಿದವರು ಯಾರೋ ಎಲ್ಲಿ ಮುರಿದಿದೆ ಎಂದು ನೋಡುವ ಗೋಜಿಗೇ ಹೋಗದೆ, ಹ್ಯಾಂಡಲ್ ಬುಡದಿಂದ ಒಂದು ಗೇಣು ಕೆಳಗಿನವರೆಗೂ ಕರೆಂಟ್ ವೆಲ್ಡಿಂಗನ್ನು ಗೋಡೆಗೆ ಸಗಣಿ ಬಡಿದಂತೆ ಬಡಿದಿದ್ದರು. ಅಪ್ಪನ ಬೆಸುಗೆ ಅದರೊಳಗೆ ಎಲ್ಲೋ ಹೂತುಹೋಗಿತ್ತು.

ಅರ ಹಿಡಿದು ತೀಡತೊಡಗಿದಳು. ಗ್ರೈಂಡರ್ ಹಾಕಿದ್ದರೆ ಒಂದು ಗಂಟೆಯ ಕೆಲಸ, ಆದರೆ ಅದರ ಜೊತೆಗೆ ಕೆಳಗಿರುವುದೂ ಹೋಗುತ್ತಿತ್ತು. ಆರು ದಿನ ತೀಡಿದಳು. ಮನೆಯಲ್ಲಿ ಗಂಡ, “ಏನಾಗಿದೆ ನಿಂಗೆ, ಊಟ ಮಾಡ್ತಾನೂ ಕೈ ಆಡಿಸ್ತಿದ್ದೀಯ” ಅಂದ. ದಿನಕ್ಕೆ ಹತ್ತು ಸಲ ಹಿಂದಿನ ಕೋಣೆಗೆ ಬಂದು ಹೋಗುತ್ತಿದ್ದ ಅಪ್ಪ ಈಗ ಬಾಗಿಲ ಹತ್ತಿರವೂ ಸುಳಿಯಲಿಲ್ಲ. ಟೀ ತಂದರೆ ಹೊರಗಿನಿಂದಲೇ, “ಇಟ್ಟಿದ್ದೀನಿ” ಎನ್ನುತ್ತಿದ್ದ.

ಏಳನೆಯ ದಿನ ಅರದ ಕೆಳಗೆ ಹೊಳಪು ಬಂತು. ಕಬ್ಬಿಣದ ಬಿಳಿ ಹೊಳಪಲ್ಲ, ಹಳದಿ. ಅರ ಕೆಳಗಿಟ್ಟು ಉಪ್ಪುಕಾಗದ ತೆಗೆದುಕೊಂಡಳು. ಅಂಗುಲ ಅಂಗುಲವಾಗಿ ಹಿತ್ತಾಳೆಯ ಗೆರೆ ಹೊರಬಂತು. ಗಂಟಿನ ಸುತ್ತ ಒಂದೇ ಅಗಲ, ನೂಲು ಹಿಡಿದು ಎಳೆದ ಹಾಗೆ. ಅಪ್ಪ ಅದಕ್ಕೆ ಅರ ಮುಟ್ಟಿಸಿದ ಗುರುತಿಲ್ಲ, ಕರಗಿದ್ದೇ ಹಾಗೆ ನಿಂತಿತ್ತು. ಹಲ್ಲಿನ ಡಾಕ್ಟರು ಬಿಸಾಡಿದ್ದ ಪುಟ್ಟ ಕನ್ನಡಿಯೊಂದು ಆಕೆಯ ಡಬ್ಬಿಯಲ್ಲಿತ್ತು. ಅದನ್ನು ಹ್ಯಾಂಡಲ್ ಕೂರುವ ಕೊಳವೆಯೊಳಗೆ ಇಳಿಸಿ, ಬೆಳಕು ಬಿಟ್ಟು ನೋಡಿದಳು. ಹೊರಗೆ ಹಾಕಿದ ಹಿತ್ತಾಳೆ ಸಂದಿಯೆಲ್ಲ ತುಂಬಿ ಒಳಗೂ ಹರಿದು, ಅಲ್ಲೂ ಅಷ್ಟೇ ಅಗಲದ ಗೆರೆಯಾಗಿತ್ತು. ಯಾರೂ ಎಂದೂ ನೋಡದ ಜಾಗ ಅದು. ಹೊರಗೆ ಎಷ್ಟು ನುಣುಪೋ ಒಳಗೂ ಅಷ್ಟೇ ನುಣುಪು.

ಉಜ್ಜಕ್ಕ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅಪ್ಪ ದೊಡ್ಡ ಕೆಲಸಗಾರ ಎಂದು ಸಣ್ಣವಳಿದ್ದಾಗ ಕೇಳಿದ್ದಳು. ಕೇಳಿದ್ದು ಬೇರೆ, ಇದು ಬೇರೆ. ಬರೀ ಶಾಖ ಮತ್ತು ಒಂದು ಕಡ್ಡಿ ಹಿಡಿದುಕೊಂಡು ಮನುಷ್ಯನ ಕೈ ಇಷ್ಟು ಮಾಡಬಲ್ಲದೇ? ಬೀಗದ ಕೈ ಮಾಡಿಕೊಂಡು ಕೂತಿರುವ, ಲೋಟದ ಟೀಯಲ್ಲಿ ಅರ್ಧವನ್ನು ತಟ್ಟೆಗೆ ಚೆಲ್ಲುವ ತನ್ನ ಅಪ್ಪನ ಕೈ? ಆಕೆಗೆ ಒಂದು ಥರ ಭಯವಾಯಿತು, ದೊಡ್ಡದರ ಮುಂದೆ ಸಣ್ಣವರಿಗೆ ಆಗುವ ಭಯ.

ಆದರೆ ಗೆರೆ ಚಂದವಿದ್ದ ಮಾತ್ರಕ್ಕೆ ಗಟ್ಟಿಯಿತ್ತು ಎನ್ನಲಾಗದು. ಅರ ತೀಡುವಾಗ ಲೋಹ ಸವರಿಕೊಂಡು ಸಣ್ಣ ಬಿರುಕುಗಳನ್ನು ಮುಚ್ಚಿಬಿಡುತ್ತದೆ. ಅದು ಆಕೆಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು. ಖಾಲಿ ಸುಟ್ಟರೇ ನಿಜ ಹೊರಬರುವುದು.

ಮರುದಿನ ಚಾಸಿಯನ್ನು ತೊಳೆದು, ಒರೆಸಿ, ಓವನ್ನಿನೊಳಗೆ ನೇತುಹಾಕಿ ಬಾಗಿಲು ಮುಚ್ಚಿದಳು. ಇನ್ನೂರು ಡಿಗ್ರಿ, ನಲವತ್ತು ನಿಮಿಷ. ಉಳಿದ ದಿನಗಳಲ್ಲಿ ಆ ಹೊತ್ತಿನಲ್ಲಿ ಬೇರೆ ಕೆಲಸಕ್ಕೆ ಕೈ ಹಾಕುತ್ತಿದ್ದಳು. ಅಂದು ಕೈ ಕಟ್ಟಿಕೊಂಡು ಗಡಿಯಾರ ನೋಡುತ್ತ ನಿಂತಳು. ಬಾಗಿಲು ತೆಗೆದಾಗ ಬಿಸಿ ಮುಖಕ್ಕೆ ಬಡಿಯಿತು, ಅದರ ಹಿಂದೆಯೇ ಸುಟ್ಟ ಎಂಜಿನ್ ಆಯಿಲ್ಲಿನ ವಾಸನೆ. ಮೊದಲು ಹಿತ್ತಾಳೆಯ ಗೆರೆ ನೋಡಿದಳು. ಒಣಗಿತ್ತು. ಸುತ್ತ ಬಂದು ನೋಡಿದಳು. ಎಲ್ಲೂ ಒಂದು ಚುಕ್ಕೆ ಕಪ್ಪಿಲ್ಲ. ಅದರಿಂದ ನಾಲ್ಕು ಬೆರಳು ಕೆಳಗೆ, ಎಂಜಿನ್ ಮುಂದಿನ ಕೊಳವೆಯಲ್ಲಿ, ಎಣ್ಣೆ ಜಿನುಗಿ ಒಂದು ದುಂಡು ಕಲೆ ಮೂಡಿತ್ತು, ಅದರ ಎರಡೂ ಬದಿಯಿಂದ ಕೊಳವೆಯ ಸುತ್ತ ಕಪ್ಪು ಗೆರೆ ಓಡಿತ್ತು. ಆ ದುಂಡು ಕಲೆ ಡ್ರಿಲ್ ಹಾಕಿ ಕೊರೆದು, ಆಮೇಲೆ ವೆಲ್ಡಿಂಗಿನಿಂದ ಮುಚ್ಚಿದ ತೂತು. ಕೊಳವೆ ಮುರಿದದ್ದು ಆ ತೂತಿನಿಂದ.

“ಅಪ್ಪ, ಸ್ವಲ್ಪ ಬಾ” ಎಂದು ಕೂಗಿದಳು. ಕೂಗಿದ್ದು ತನ್ನದೇ ದನಿ ಎಂದು ಆಕೆಗೆ ನಂಬಿಕೆಯಾಗಲಿಲ್ಲ.

ಅಪ್ಪ ಬಂದ. ಬಾಗಿಲಲ್ಲಿ ಒಂದು ಕ್ಷಣ ನಿಂತು, ಆಮೇಲೆ ಒಳಗೆ ಕಾಲಿಟ್ಟ. ಕನ್ನಡಕ ಹಣೆಗೇರಿಸಿ ಒಳ್ಳೆಯ ಕಣ್ಣನ್ನು ಚಾಸಿಗೆ ಹತ್ತಿರ ತಂದ. ಹಿತ್ತಾಳೆಯ ಗೆರೆಯನ್ನು ನೋಡಿದ, ಕಪ್ಪು ಗೆರೆಯನ್ನು ನೋಡಿದ, ಮತ್ತೆ ಹಿತ್ತಾಳೆಯನ್ನೇ ನೋಡಿದ. ಆರುವವರೆಗೂ ಕಾದು, ಕಪ್ಪನ್ನು ಬೆರಳಿಂದ ಒರೆಸಿ ಮೂಸಿದ.

“ಎಣ್ಣೆ ನಂದೇ” ಅಂದ. ಮುಂದಿನ ಕೋಣೆಗೆ ಹೋಗಿ ಕೂತ.

ಉಜ್ಜಕ್ಕ ಟೀಚರಿಗೆ ಫೋನ್ ಮಾಡಿ, “ಮುಂದಿನ ಕೊಳವೆಗೆ ತೂತು ಯಾರು ಕೊರೆದದ್ದು ಅಂತ ನಿಮ್ಮಪ್ಪನ್ನ ಕೇಳಿ” ಎಂದಷ್ಟೇ ಹೇಳಿದಳು. ಮಾರನೆಯ ಬೆಳಗ್ಗೆ ಅಂಗಡಿ ತೆಗೆಯುವ ಮೊದಲೇ ಕಾಂಪೌಂಡರ್ ಬಾಗಿಲಲ್ಲಿದ್ದ. ಕೋಲೂರಿಕೊಂಡು, ಬಲಗಾಲು ಎಳೆಯುತ್ತ ನೇರ ಗಾಜಿನ ಪೆಟ್ಟಿಗೆಯ ಮುಂದೆ ಹೋಗಿ ನಿಂತ. ಅಪ್ಪನಿಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು, ನೋಡಿದರೆ ಹತ್ತು ವರ್ಷ ದೊಡ್ಡವನ ಹಾಗಿದ್ದ.

“ನಾನೇ ಕೊರೆದದ್ದು ಮೇಸ್ತ್ರಿ” ಅಂದ. “ಹಾರನ್ ಕೂರಿಸೋಕೆ. ನೀವು ಬೆಸುಗೆ ಹಾಕಿಕೊಟ್ಟ ಮೂರನೇ ದಿನ, ಮನೇಲೇ, ಕೈ ಡ್ರಿಲ್ಲಲ್ಲಿ. ಕಾಲು ಕಟ್ಟಿಸ್ಕೊಂಡು ಮಲಗಿದ್ದಾಗಲೇ ನಂಗೆ ಗೊತ್ತಿತ್ತು, ಮುರಿದದ್ದು ಎಲ್ಲಿಂದ ಅಂತ. ಬಂದವರೆಲ್ಲ ಬೆಸುಗೆ ಬಿಡ್ತು ಅಂದ್ರು. ನಾನು ಅಲ್ಲ ಅನ್ನಲಿಲ್ಲ. ಮಾರನೇ ದಿನ ಹೇಳೋಣ ಅಂದ್ರೆ, ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳ್ತಾರಲ್ಲ ಅನ್ನಿಸ್ತು. ಹಂಗೇ ದಿನ ಹೋಯ್ತು. ನೀವು ಟಾರ್ಚ್ ಬಿಟ್ರಿ ಅಂತ ಕೇಳಿದ ಮೇಲಂತೂ ಬಾಯೇ ಬರಲಿಲ್ಲ. ಅದಕ್ಕೇ ಗಾಡೀನೇ ಕಳಿಸ್ದೆ. ನಿಮ್ಮ ಮಗಳು ಏನನ್ನೂ ಬಿಡದೆ ಉಜ್ಜಿ ನೋಡ್ತಾಳೆ ಅಂತ ಗೊತ್ತಿತ್ತು.”

ಉಜ್ಜಕ್ಕನ ಕೈಯಲ್ಲಿ ಸ್ಪ್ಯಾನರ್ ಇತ್ತು. ಅದನ್ನು ಮೇಜಿನ ಮೇಲಿಟ್ಟು ದೂರ ಸರಿದಳು, ಇಟ್ಟುಕೊಂಡರೆ ಏನು ಮಾಡುತ್ತಾಳೋ ಆಕೆಗೇ ಗೊತ್ತಿರಲಿಲ್ಲ. ಮೂವತ್ತಾರು ವರ್ಷ ಅಂದರೆ ಏನು ಅಂದುಕೊಂಡಿದ್ದಾನೆ ಈ ಮನುಷ್ಯ? ಆ ಹಿತ್ತಾಳೆ ಗೆರೆಯಂಥ ಎಷ್ಟು ಗೆರೆಗಳು ಈ ಲೋಕಕ್ಕೆ ಬರದೇ ಹೋದವು ಎಂದು ಕೂಗಬೇಕೆನಿಸಿತು. ಕೂಗಲಿಲ್ಲ, ಅಪ್ಪನ ಮುಖ ನೋಡಿದಳು.

ಅಪ್ಪ ಯಂತ್ರದ ಮೇಲಿನ ಹಿತ್ತಾಳೆ ಪುಡಿಯನ್ನು ಬೆರಳಿಂದ ಗುಡ್ಡೆ ಮಾಡುತ್ತ ಕೂತಿದ್ದ.

“ಹಾರನ್ ಕೂಗ್ತಿತ್ತಾ?” ಎಂದು ಕೇಳಿದ.

“ಒಂದು ವಾರ ಕೂಗ್ತು.”

“ಹೂಂ.” ಅಪ್ಪ ಪುಡಿಯನ್ನು ಊದಿಬಿಟ್ಟ. “ನೀನು ಹೇಳಲಿಲ್ಲ, ಅದು ನಿನ್ನ ತಪ್ಪು. ಆದ್ರೆ ನಿನ್ನ ಶೆಡ್ಡು ಇಲ್ಲಿಂದ ನಾಲ್ಕು ರಸ್ತೆ ಆಚೆ. ಒಂದು ದಿನ ಬಂದು ಪುಟ್ಟಿ ಕೆರೆದು ನೋಡಬಹುದಿತ್ತು ನಾನು. ಬರಲಿಲ್ಲ. ಬಿಟ್ಟಿದ್ರೆ ಅಂತ ಹೆದರಿಕೆ. ನನ್ನ ಕೈನ ನಾನೇ ನಂಬಲಿಲ್ಲ, ಇನ್ನು ಊರೋರನ್ನ ಏನಂತ ಕೇಳ್ಲಿ?” ಕಾಂಪೌಂಡರ್ ಕೋಲಿನ ಮೇಲೆ ತಲೆಯಿಟ್ಟು ಅತ್ತ. ಅಪ್ಪ ಆತನಿಗೊಂದು ಸ್ಟೂಲ್ ಎಳೆದು ಕೊಟ್ಟ.

ಆಮೇಲೆ ಎದ್ದು ಹಿಂದಿನ ಕೋಣೆಗೆ ಬಂದ. ಚಾಸಿಯ ಮುಂದೆ ನಿಂತು, ಎಲ್ಲಿಂದ ಎಲ್ಲಿಗೆ ಕೊಳವೆ ಕತ್ತರಿಸಬೇಕು ಎಂದು ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕಿದ. ಗುರುತು ನಡುಗಿ ವಕ್ರವಾಯಿತು. ಅದನ್ನು ನೋಡಿ ಸೀಮೆಸುಣ್ಣವನ್ನು ಮಗಳ ಕೈಗೆ ಕೊಟ್ಟ.

“ಈ ಸೀಳಿದ ತುಂಡು ತೆಗೆದು ಹೊಸದು ಹಾಕ್ಬೇಕು. ಒಳಗೊಂದು ಸಣ್ಣ ಕೊಳವೆ ತೂರಿಸಿ ಹಿತ್ತಾಳೆ ಹಾಕು. ಆಮೇಲೆ ನಿನ್ನ ಪೌಡರ್.”

“ನಂಗೆ ಬೆಸುಗೆ ಬರಲ್ಲ ಅಪ್ಪ.”

“ಗೊತ್ತು. ನಾನು ಕಲಿಸಲಿಲ್ಲ.” ಅಪ್ಪ ಕೈಗಂಟಿದ ಸೀಮೆಸುಣ್ಣ ಒರೆಸಿಕೊಂಡು, “ರೇಡಿಯೇಟರ್ ರಿಪೇರಿಯವನ ಹತ್ರ ಟಾರ್ಚ್ ಇದೆ. ಇಸ್ಕೊಂಡು ಬಾ” ಅಂದ.

ನಲವತ್ತೆಂಟು ವರ್ಷಕ್ಕೆ ಉಜ್ಜಕ್ಕ ಬೆಸುಗೆ ಕಲಿಯಲು ಕೂತಳು. ಮೂರು ವಾರ ಬೇಡದ ಕೊಳವೆಗಳ ಮೇಲೆ ಕಲಿತಳು. ಹಿತ್ತಾಳೆ ಉಂಡೆಯುಂಡೆಯಾಗಿ ಉರುಳಿ ಬಿದ್ದಾಗಲೆಲ್ಲ ಅಪ್ಪ, “ಇದೇನು ಮುತ್ತು ಪೋಣಿಸ್ತಿದ್ದೀಯಾ” ಎಂದು ಬೈದ. ಕಾಂಪೌಂಡರ್ ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಯಾರೂ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾಲ್ಕನೆಯ ವಾರ ಒಂದು ಬೆಳಗ್ಗೆ ಚಾಸಿಯನ್ನು ಬೆಂಚಿಗೆ ಬಿಗಿದು, ಹೊಸ ತುಂಡು ಕೂರಿಸಿ, ಬೆಸುಗೆ ಪುಡಿ ಬಳಿದು ಟಾರ್ಚ್ ಹೊತ್ತಿಸಿದರು. ಅಪ್ಪ ಮಗಳ ಹಿಂದೆ ನಿಂತ. ಕೊಳವೆ ಕಪ್ಪಾಗಿ, ಕಂದಾಗಿ, ಮಂಕಾಗಿ ಕೆಂಪೇರಿತು. ಕಡ್ಡಿ ಮುಟ್ಟಿಸಿದಾಗ ಹಿತ್ತಾಳೆ ತುದಿಯಲ್ಲೇ ತಡೆದು ನಿಂತಿತು, ಆಮೇಲೆ ಇದ್ದಕ್ಕಿದ್ದಂತೆ ನೀರಾಗಿ ಸಂದಿಯ ಸುತ್ತ ತಾನೇ ಓಡಿತು. ಆಕೆ ತಳ್ಳಿರಲಿಲ್ಲ, ಎಳೆದಿರಲಿಲ್ಲ. ಅದು ಹೋಗಬೇಕಾದಲ್ಲಿಗೆ ಹೋಯಿತು. ಇದನ್ನು ಅಪ್ಪ ದಿನಾ ನೋಡುತ್ತಿದ್ದನೇ? ಇದನ್ನು ಬಿಟ್ಟು ಅಷ್ಟು ವರ್ಷ ಹೇಗೆ ಇದ್ದ?

ಅರ್ಧ ಸುತ್ತಿನಲ್ಲಿ ಆಕೆಯ ಕೈ ಹಿಂಜರಿಯಿತು. ಈ ಚಾಸಿಯ ಮೇಲೆ ನಾಳೆ ಟೀಚರು ಕೂರುತ್ತಾಳೆ, ಅದೇ ಇಳಿಜಾರಿನಲ್ಲಿ ಇಳಿಯುತ್ತಾಳೆ.

“ಇದು ಬಿಟ್ರೆ ಅಪ್ಪ?” ಎಂದಳು, ಕಣ್ಣು ಕದಲಿಸದೆ.

“ಬಿಡಲ್ಲ” ಅಂದ ಅಪ್ಪ. “ಕೈ ನಿಲ್ಲಿಸ್ಬೇಡ, ಹೋಗ್ತಿರು.”